ಹತ್ತಿರದ ನದಿಯಲ್ಲಿ ಕಯಾಕ್, ಕನೂ ಪಯಣ: ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸೇತುವೆ ಮೇಲೆ ನಿಂತು ನೋಡುವ ನದಿಯೇ ಬೇರೆ, ನೀರಿನ ಮೇಲೆ ಕೂತು ನೋಡುವ ನದಿಯೇ ಬೇರೆ. ಕಯಾಕ್ ಎಂಬ ತಗ್ಗಾದ ಸಣ್ಣ ದೋಣಿಯಲ್ಲಿ ಕೂತಾಗ ನಿಮ್ಮ ಕಣ್ಣು ನೀರಿನಿಂದ ಒಂದು ಮೀಟರ್ ಎತ್ತರದಲ್ಲೂ ಇರುವುದಿಲ್ಲ. ದಡದ ಬೇರುಗಳ ನಡುವಿನ ಬಿಲ, ನೀರಿಗೆ ಬಾಗಿದ ಕೊಂಬೆಯ ಮೇಲೆ ಕೂತ ಮಿಂಚುಳ್ಳಿ, ಪೊದೆಗಳ ಹಿಂದಿನಿಂದ ಬಂದು ಸೇರುವ ಸಣ್ಣ ತೊರೆ, ಇವು ಯಾವುವೂ ರಸ್ತೆಯಿಂದ ಕಾಣುವುದಿಲ್ಲ. ಇದನ್ನು ನೋಡಲು ಸಾಹಸಿಗಳೇ ಆಗಬೇಕಿಲ್ಲ. ನಿಧಾನವಾಗಿ ಹರಿಯುವ ನೀರು, ಮೈಗೆ ಹೊಂದುವ ಲೈಫ್ ಜಾಕೆಟ್, ಸ್ವಲ್ಪ ಅಭ್ಯಾಸ, ಜೊತೆಗೆ ನದಿ ಬಲ್ಲವರೊಬ್ಬರು ಇದ್ದರೆ ಸಾಕು.

ಆದರೆ ಈ ಪಯಣದ ಮುಕ್ಕಾಲು ಕೆಲಸ ದಡದಲ್ಲೇ ಮುಗಿಯಬೇಕು. ಎಲ್ಲಿ ನೀರಿಗೆ ಇಳಿಯಬೇಕು, ಎಲ್ಲಿ ಮತ್ತೆ ದಡಕ್ಕೆ ಏರಬೇಕು, ನಡುವೆ ಏನಿದೆ, ನೀರು ಇವತ್ತು ಹೇಗಿದೆ, ಇದೆಲ್ಲ ದೋಣಿ ನೀರಿಗೆ ಹೋಗುವ ಮೊದಲೇ ಗೊತ್ತಿರಬೇಕು. ಹರಿಯುವ ನೀರು ನಿಮಗೆ ಯೋಚಿಸಲು ಸಮಯ ಕೊಡುವುದಿಲ್ಲ. ಅದಕ್ಕೇ ಇಲ್ಲಿ ಹುಟ್ಟು ಹಾಕುವುದಕ್ಕಿಂತ ನದಿ ನೋಡುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಹಂತ 1: ನದಿಯ ಒಂದು ತುಣುಕನ್ನು ಆರಿಸಿಕೊಳ್ಳಿ

ಕೆಲವು ದೇಶಗಳಲ್ಲಿ ನದಿಗಳ ಮೇಲೆ ಗುರುತು ಮಾಡಿದ ಜಲಮಾರ್ಗಗಳಿವೆ. ಅಮೆರಿಕದಲ್ಲಿ ಇಂಥವುಗಳ ರಾಷ್ಟ್ರೀಯ ಜಾಲ 2012ರಲ್ಲಿ ಶುರುವಾಯಿತು, ಚಟ್ಟಾಹೂಚಿ ನದಿಯ ಮಾರ್ಗ ಅದರಲ್ಲಿ ಮೊದಲನೆಯದು. ಇಂಥ ಕಡೆ ದೋಣಿ ಇಳಿಸುವ ಜಾಗ, ಏರುವ ಜಾಗ, ನಡುವಿನ ದೂರ, ಅಪಾಯದ ಜಾಗ, ತಂಗುವ ಜಾಗ ಎಲ್ಲ ನಕ್ಷೆಯಲ್ಲೇ ಸಿಗುತ್ತವೆ. ನಿಮ್ಮ ನದಿಗೆ ಅಂಥ ನಕ್ಷೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದೇ ಐದು ವಿಷಯಗಳನ್ನು ನೀವೇ ಕಲೆಹಾಕಬೇಕು, ಅಷ್ಟೇ.

ಮೊದಲ ಪಯಣಕ್ಕೆ 5ರಿಂದ 8 ಕಿಲೋಮೀಟರ್ ಸಾಕು. ನಿಂತ ನೀರಿನಲ್ಲಿ ಹೊಸಬರು ಗಂಟೆಗೆ 4 ಕಿಲೋಮೀಟರ್‌ನಷ್ಟು ಹೋಗಬಹುದು. ಆದರೆ ನಿಲ್ಲುವುದು, ನೋಡುವುದು, ತಿನ್ನುವುದು ಎಲ್ಲ ಸೇರಿದರೆ ಗಂಟೆಗೆ 3 ಕಿಲೋಮೀಟರ್ ಎಂದೇ ಲೆಕ್ಕ ಹಾಕಿ. ಎದುರುಗಾಳಿ ಇದ್ದರೆ ಅದಕ್ಕಿಂತಲೂ ಕಡಿಮೆ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ದಡ ಸೇರುವ ಹಾಗೆ ಹೊರಡುವ ಹೊತ್ತನ್ನು ನಿಗದಿ ಮಾಡಿ.

ನಕ್ಷೆಯ ಜೊತೆ ಉಪಗ್ರಹ ಚಿತ್ರವನ್ನೂ ತೆರೆದುಕೊಳ್ಳಿ. ನೀವು ಹೋಗುವ ದೂರವನ್ನು ಬೆರಳಿನಷ್ಟು ಬೆರಳಿನಷ್ಟಾಗಿ ಸರಿಸುತ್ತಾ ನೋಡಿ. ನದಿಗೆ ಅಡ್ಡಲಾಗಿ ನೇರ ಗೆರೆ ಕಂಡರೆ ಅದು ಸೇತುವೆಯೂ ಇರಬಹುದು, ತಡೆಗೋಡೆಯೂ ಇರಬಹುದು. ನೀರು ಬೆಳ್ಳಗೆ ಕಂಡ ಕಡೆ ನೊರೆ ಇದೆ, ಅಂದರೆ ಅಲ್ಲಿ ಇಳಿಜಾರು ಅಥವಾ ಬಂಡೆ ಇದೆ. ಎತ್ತರ ತೋರಿಸುವ ನಕ್ಷೆ ಸಿಕ್ಕರೆ ನದಿ ಕಿಲೋಮೀಟರ್‌ಗೆ ಎಷ್ಟು ಇಳಿಯುತ್ತದೆ ನೋಡಿ. ಒಂದು ಮೀಟರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಶಾಂತ ನೀರು. ನಾಲ್ಕೈದು ಮೀಟರ್ ಇದ್ದರೆ ರಭಸದ ಜಾಗಗಳು ಇದ್ದೇ ಇರುತ್ತವೆ. ಸರಾಸರಿಯನ್ನೇ ನಂಬಬೇಡಿ. ಹತ್ತು ಕಿಲೋಮೀಟರ್ ಸಪಾಟಾಗಿ ಹರಿದು ಒಂದೇ ಕಡೆ ಧುಮುಕುವ ನದಿಗಳೂ ಇವೆ.

ನದಿಯ ರಭಸವನ್ನು ಅಂತರರಾಷ್ಟ್ರೀಯವಾಗಿ ಒಂದರಿಂದ ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೇ ದರ್ಜೆ ಅಂದರೆ ಸಣ್ಣ ಅಲೆ, ಕಡಿಮೆ ಅಡೆತಡೆ. ಆರನೆಯದು ಅಂದರೆ ಪ್ರಾಣದ ಜೊತೆ ಆಟ. ಈ ಬರಹ ಶಾಂತ ನೀರು ಮತ್ತು ಒಂದನೇ ದರ್ಜೆಗೆ ಮಾತ್ರ. ಅದರ ಮೇಲಿನದಕ್ಕೆ ಓದಿ ಕಲಿಯುವುದು ಸಾಲದು, ತರಬೇತಿ ಬೇಕು.

ಇನ್ನೊಂದು ವಿಷಯ. ದೋಣಿ ಬಿಡಲು ಅನುಮತಿ ಬೇಕೇ, ದಡದ ಜಾಗ ಯಾರದ್ದು, ಮೇಲ್ಭಾಗದ ಅಣೆಕಟ್ಟಿನಿಂದ ನೀರು ಯಾವಾಗ ಬಿಡುತ್ತಾರೆ, ಮೊಸಳೆಗಳಿವೆಯೇ, ಇವನ್ನು ಕೇಳಿಯೇ ತಿಳಿಯಬೇಕು. ಮೀನು ಹಿಡಿಯುವವರು, ದೋಣಿ ನಡೆಸುವವರು ಯಾವ ನಕ್ಷೆಗಿಂತಲೂ ಚೆನ್ನಾಗಿ ಹೇಳುತ್ತಾರೆ. ಅವರು ಬೇಡ ಎಂದರೆ ಬೇಡ.

ಹಂತ 2: ಎರಡೂ ತುದಿಗೆ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ

ಇಳಿಯುವ ಜಾಗಕ್ಕಿಂತ ಏರುವ ಜಾಗ ಮುಖ್ಯ. ಇಳಿಯುವ ಜಾಗ ಸರಿಯಿಲ್ಲದಿದ್ದರೆ ಮನೆಗೆ ವಾಪಸ್ ಹೋಗಬಹುದು. ಏರುವ ಜಾಗ ತಪ್ಪಿಹೋದರೆ ನದಿ ನಿಮ್ಮನ್ನು ಗೊತ್ತಿಲ್ಲದ ಕಡೆಗೆ ಒಯ್ಯುತ್ತದೆ. ಹಾಗಾಗಿ ಮೊದಲು ಅಲ್ಲಿಗೆ ಹೋಗಿ. ದಡದಲ್ಲಿ ನಿಂತು ನದಿ ಬರುವ ದಿಕ್ಕಿಗೆ ಮುಖ ಮಾಡಿ. ಆ ಕಡೆಯಿಂದ ಬರುವವರಿಗೆ ಈ ಜಾಗ ಹೇಗೆ ಕಾಣಬಹುದು? ದಡದಿಂದ ಎದ್ದು ಕಾಣುವ ಹಾದಿ ನೀರಿನಿಂದ ನೋಡಿದರೆ ಹುಲ್ಲಿನ ಮರೆಯಲ್ಲಿ ಕಳೆದುಹೋಗಿರುತ್ತದೆ. ಸ್ವಲ್ಪ ಮೇಲಕ್ಕೆ ನಡೆದು ಅಲ್ಲಿಂದ ಒಂದು ಫೋಟೋ ತೆಗೆಯಿರಿ. ಗುರುತಿಗೆ ದೊಡ್ಡ ಮರವೋ, ಕಂಬವೋ ಇದೆಯಾ ನೋಡಿ. ಏನೂ ಇಲ್ಲದಿದ್ದರೆ ಗಾಢ ಬಣ್ಣದ ಬಟ್ಟೆಯೊಂದನ್ನು ಕೊಂಬೆಗೆ ಕಟ್ಟಿ, ವಾಪಸ್ ಹೋಗುವಾಗ ಬಿಚ್ಚಿಕೊಂಡು ಹೋಗಿ.

ನಡುವೆ ಸೇತುವೆಗಳಿದ್ದರೆ ಪ್ರತಿಯೊಂದರ ಮೇಲೂ ನಿಂತು ಎರಡೂ ಕಡೆ ನೋಡಿ. ಎಡದಂಡೆ, ಬಲದಂಡೆ ಅನ್ನುವುದನ್ನು ಯಾವಾಗಲೂ ನದಿ ಹರಿಯುವ ದಿಕ್ಕಿಗೆ ಮುಖ ಮಾಡಿಯೇ ಹೇಳಬೇಕು. ಗುಂಪಿನಲ್ಲಿ ಎಲ್ಲರಿಗೂ ಇದು ಒಂದೇ ಆಗಿರಲಿ. ಇಲ್ಲದಿದ್ದರೆ ಅವಸರದಲ್ಲಿ ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಹೋಗುತ್ತಾರೆ.

ಈಗ ಹರಿವು ಅಳೆಯಿರಿ. ಇದಕ್ಕೆ ಯಾವ ಉಪಕರಣವೂ ಬೇಡ. ದಡದ ಉದ್ದಕ್ಕೆ 10 ಮೀಟರ್ ಅಳೆದು ಎರಡು ಕಲ್ಲು ಇಡಿ. ಮೇಲಿನ ಕಲ್ಲಿಗಿಂತ ಸ್ವಲ್ಪ ಹಿಂದೆ, ನದಿಯ ನಡುವಿನ ಕಡೆಗೆ ಒಂದು ಒಣ ಕಡ್ಡಿ ಎಸೆಯಿರಿ. ಅದು ಮೊದಲ ಕಲ್ಲಿನಿಂದ ಎರಡನೇ ಕಲ್ಲಿಗೆ ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಣಿಸಿ. 20 ಸೆಕೆಂಡ್ ಹಿಡಿದರೆ ನೀರು ಗಂಟೆಗೆ 1.8 ಕಿಲೋಮೀಟರ್ ವೇಗದಲ್ಲಿದೆ. ಹೊಸಬರಿಗೆ ಇದು ಹಿತವಾದ ಹರಿವು. 10 ಸೆಕೆಂಡ್ ಹಿಡಿದರೆ 3.6 ಕಿಲೋಮೀಟರ್. ಅಂದರೆ ನೀವು ಹಿಂದಕ್ಕೆ ತಿರುಗಿ ಹುಟ್ಟು ಹಾಕಿದರೂ ಬಹುತೇಕ ಇದ್ದಲ್ಲೇ ಇರುತ್ತೀರಿ. 10 ಸೆಕೆಂಡ್‌ಗಿಂತ ಕಡಿಮೆ ಬಂದರೆ ಆ ದಿನ ಬೇಡ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಿಂದಿನ ವಾರ ಆರಾಮಾಗಿ ಹೋಗಿ ಬಂದ ಜಾಗ ಇವತ್ತು ಕೈಮೀರುವುದು ಇದೇ ಕಾರಣಕ್ಕೆ.

ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಅರ್ಧ ಗಂಟೆ ಬಿಟ್ಟು ನೋಡುವುದೂ ಒಳ್ಳೆಯ ಅಭ್ಯಾಸ. ಕಡ್ಡಿ ಮುಳುಗುತ್ತಾ ಬಂದರೆ ನೀರು ಏರುತ್ತಿದೆ. ತಿಳಿಯಾಗಿದ್ದ ನೀರು ಕೆಂಪಾಗುವುದು, ಎಲೆ ಕಸ ಕಡ್ಡಿಗಳು ತೇಲಿ ಬರಲು ಶುರುವಾಗುವುದು ಕೂಡ ಅದೇ ಸೂಚನೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಸುರಿದಿರಬಹುದು. ನದಿ ತುಂಬಿ ಹರಿಯುವಾಗ ಇಳಿಯಲೇಬೇಡಿ.

ಹಂತ 3: ದೋಣಿ ಮತ್ತು ಹುಟ್ಟು

ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತೀರಿ, ಎರಡೂ ತುದಿಗೆ ಅಲಗು ಇರುವ ಹುಟ್ಟು ಹಿಡಿಯುತ್ತೀರಿ. ಕನೂ ಮೇಲೆ ತೆರೆದ ದೋಣಿ, ಹುಟ್ಟಿಗೆ ಒಂದೇ ಅಲಗು, ಸಾಮಾನ್ಯವಾಗಿ ಇಬ್ಬರು. ಸಾಮಾನು ಜಾಸ್ತಿ ಇದ್ದರೆ, ಮಗುವೊಂದು ಜೊತೆಗಿದ್ದರೆ ಕನೂ ಅನುಕೂಲ. ಗಾಳಿ ಜಾಸ್ತಿ ಇರುವ ಅಗಲ ನದಿಯಲ್ಲಿ ತಗ್ಗಾದ ಕಯಾಕ್ ವಾಸಿ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಮೇಲೆ ಕೂರುವ ಮಾದರಿಯ ಕಯಾಕ್ ತೆಗೆದುಕೊಳ್ಳಿ. ಅದರಲ್ಲಿ ಕಾಲು ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಬಂದ ನೀರು ತಳದ ತೂತುಗಳಿಂದ ತಾನಾಗಿಯೇ ಇಳಿದುಹೋಗುತ್ತದೆ. ಉದ್ದ 3ರಿಂದ 3.5 ಮೀಟರ್ ಇದ್ದರೆ ತಿರುವುಗಳಲ್ಲಿ ಸುಲಭವಾಗಿ ತಿರುಗುತ್ತದೆ. ಕೊಳ್ಳುವ ಅವಸರ ಬೇಡ. ನಾಲ್ಕಾರು ಸಲ ಬಾಡಿಗೆಗೆ ತೆಗೆದುಕೊಂಡು ಓಡಿಸಿದ ಮೇಲೆ ನಿಮಗೆ ಬೇಕಾದ್ದು ಯಾವುದು ಎಂದು ತಾನಾಗಿಯೇ ಗೊತ್ತಾಗುತ್ತದೆ.

ಕಯಾಕ್ ಹುಟ್ಟು ಬಹುಪಾಲು ಜನರಿಗೆ 220ರಿಂದ 240 ಸೆಂಟಿಮೀಟರ್ ಉದ್ದದ್ದು ಸರಿಹೋಗುತ್ತದೆ. ಅಗಲ ದೋಣಿಗೆ ಉದ್ದ ಹುಟ್ಟು. ಕನೂ ಹುಟ್ಟನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಅದರ ತುದಿ ನಿಮ್ಮ ಗಲ್ಲ ಮತ್ತು ಮೂಗಿನ ನಡುವೆ ಬರಬೇಕು.

ಹಂತ 4: ಲೈಫ್ ಜಾಕೆಟ್, ಬಟ್ಟೆ, ಸಾಮಾನು

ಈಜು ಬರುವವರಿಗೂ ಲೈಫ್ ಜಾಕೆಟ್ ಬೇಕೇ ಬೇಕು. ಅದು ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು, ಎಲ್ಲ ಬಕಲ್ ಹಾಕಿರಬೇಕು. ನೀರಿನಲ್ಲಿ ನಮ್ಮ ಮೈ ಬಹುತೇಕ ತಾನೇ ತೇಲುತ್ತದೆ. ತಲೆಯನ್ನು ಮೇಲೆ ಇಡಲು ದೊಡ್ಡವರಿಗೆ ಸುಮಾರು 5 ಕಿಲೋ ಎತ್ತುವಷ್ಟು ಬಲ ಸಾಕು. 50 ನ್ಯೂಟನ್ ಎಂದು ಬರೆದಿರುವ ಜಾಕೆಟ್ ಕೊಡುವುದು ಅಷ್ಟನ್ನೇ. ಆದರೆ ಅದು ಈಜು ಬಲ್ಲವರಿಗೆ, ದಡ ಹತ್ತಿರವಿದ್ದಾಗ. ಈಜು ಬಾರದವರು 100 ನ್ಯೂಟನ್‌ನ ಅಥವಾ ಅದಕ್ಕಿಂತ ಹೆಚ್ಚಿನದನ್ನು ಹಾಕಿಕೊಳ್ಳಬೇಕು. ಬಾಯಿ ಮೇಲಕ್ಕಿರುವಂತೆ ಮೈಯನ್ನು ತಿರುಗಿಸಲು ಅದನ್ನು ಮಾಡಿರುತ್ತಾರೆ.

ಸರಿಯಾಗಿ ಕೂತಿದೆಯಾ ಅಂತ ನೋಡುವುದು ಹೀಗೆ: ಮೊದಲು ಸೊಂಟದ ಪಟ್ಟಿ ಬಿಗಿ ಮಾಡಿ, ಆಮೇಲೆ ಮೇಲಿನವು. ಎರಡೂ ಕೈ ಮೇಲೆತ್ತಿ. ಜೊತೆಗಿರುವವರು ನಿಮ್ಮ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲದವರೆಗೆ ಜಾರಿ ಬಂದರೆ ಅದು ಸಡಿಲ, ಇಲ್ಲವೇ ನಿಮ್ಮ ಅಳತೆಯದ್ದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಹಾಕುವುದು ಯಾವತ್ತೂ ಬೇಡ, ಅದರೊಳಗಿಂದ ಮಗು ಜಾರಿಹೋಗುತ್ತದೆ. ಬಂಡೆಗಳಿರುವ ನದಿಯಾದರೆ ಹೆಲ್ಮೆಟ್ ಕೂಡ ಹಾಕಿ.

ಬಟ್ಟೆಯನ್ನು ಗಾಳಿಯ ಬಿಸಿ ನೋಡಿ ಆರಿಸಬೇಡಿ, ನೀರಿನ ತಂಪು ನೋಡಿ ಆರಿಸಿ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿಗೆ ಧುತ್ತೆಂದು ಬಿದ್ದರೆ ಉಸಿರು ಹಿಡಿತ ತಪ್ಪುತ್ತದೆ. ಇಂಥ ನೀರಿನಲ್ಲಿ ಮೊದಲ ಒಂದು ನಿಮಿಷ ಉಸಿರನ್ನು ಹತೋಟಿಗೆ ತರುವುದಷ್ಟೇ ನಿಮ್ಮ ಕೆಲಸ. ಅತಿ ತಣ್ಣನೆಯ ನೀರಾದರೆ ಕೈಕಾಲು ಹೇಳಿದ ಮಾತು ಕೇಳುವುದು ಆಮೇಲೆ ಸುಮಾರು ಹತ್ತೇ ನಿಮಿಷ. ತಣ್ಣನೆಯ ನದಿಗಳಿಗೆ ವೆಟ್‌ಸೂಟ್, ಅಂದರೆ ಒದ್ದೆಯಾದರೂ ಮೈ ಬೆಚ್ಚಗಿಡುವ ರಬ್ಬರಿನಂಥ ಬಿಗಿ ಉಡುಪು, ಹಾಕಿ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚಳಿ ಹೆಚ್ಚಿಸುತ್ತದೆ. ಬಿಸಿಲಿನ ಜಾಗದಲ್ಲಿ ತೋಳು ಮುಚ್ಚುವ ತೆಳು ಅಂಗಿ, ಪಟ್ಟಿ ಇರುವ ಟೋಪಿ. ಕಾಲಿಗೆ ಹಿಮ್ಮಡಿ ಹಿಡಿಯುವ ಶೂ. ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ.

ಸಾಮಾನು: ತಲಾ 3 ಲೀಟರ್ ಕುಡಿಯುವ ನೀರು, ತಿಂಡಿ, ಒಣ ಬಟ್ಟೆ, ಪ್ರಥಮ ಚಿಕಿತ್ಸೆಯ ಡಬ್ಬಿ, ತಲೆಗೆ ಕಟ್ಟುವ ಟಾರ್ಚ್, ಗುಂಪಿಗೊಂದು ಹೆಚ್ಚುವರಿ ಹುಟ್ಟು, ನೀರು ಹೊರಚೆಲ್ಲಲು ಒಂದು ಡಬ್ಬಿ, 15ರಿಂದ 20 ಮೀಟರ್ ಎಸೆಯುವ ಹಗ್ಗ. ಸೀಟಿ ಮತ್ತು ಸಣ್ಣ ಚಾಕು ಲೈಫ್ ಜಾಕೆಟ್‌ಗೇ ಕಟ್ಟಿರಲಿ, ಚೀಲದೊಳಗೆ ಇದ್ದರೆ ಹೊತ್ತಿಗೆ ಸಿಗುವುದಿಲ್ಲ. ಫೋನ್ ನೀರು ಹೋಗದ ಕವರ್‌ನಲ್ಲಿ ನಿಮ್ಮ ಮೈಮೇಲೇ ಇರಲಿ. ಆ ಕವರ್‌ನೊಳಗೆ ಬರೀ ಕಾಗದ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ಮೊದಲು ಪರೀಕ್ಷೆ ಮಾಡಿ. ಭಾರದ ವಸ್ತು ದೋಣಿಯ ನಡುವೆ, ತಳದಲ್ಲಿ ಇಟ್ಟು ಕಟ್ಟಿ. ನಿಮ್ಮನ್ನು ಮಾತ್ರ ದೋಣಿಗೆ ಕಟ್ಟಿಕೊಳ್ಳಬೇಡಿ. ಹಗ್ಗವನ್ನು ಕೈಗೂ ಸುತ್ತಿಕೊಳ್ಳಬೇಡಿ.

ಹೊರಡುವ ಮುಂಚೆ ಮನೆಯಲ್ಲಿರುವ ಒಬ್ಬರಿಗೆ ಸಂದೇಶ ಕಳಿಸಿ: ಎಲ್ಲಿ ಇಳಿಯುತ್ತೀರಿ, ಎಲ್ಲಿ ಏರುತ್ತೀರಿ, ಎಷ್ಟು ಜನ, ದೋಣಿಯ ಬಣ್ಣ ಯಾವುದು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ದಡ ಸೇರಿದ ತಕ್ಷಣ ಅವರಿಗೆ ಫೋನ್ ಮಾಡುವುದನ್ನು ಮರೆಯಬೇಡಿ.

ಹಂತ 5: ನಿಂತ ನೀರಿನಲ್ಲಿ ಅಭ್ಯಾಸ

ಕೆರೆಯಂಥ ನಿಂತ ನೀರಿನಲ್ಲಿ, ಸೊಂಟದ ಮಟ್ಟದ ಆಳದಲ್ಲಿ ಶುರು ಮಾಡಿ.

ಹತ್ತುವುದು: ಮೇಲೆ ಕೂರುವ ಕಯಾಕ್‌ಗೆ ಮೊದಲು ಕುಂಡಿ ಊರಿ ಕೂತು, ಆಮೇಲೆ ಕಾಲೆತ್ತಿ ಒಳಗಿಡಿ. ನಿಂತು ಕಾಲಿಟ್ಟರೆ ದೋಣಿ ಆ ಕಡೆ ಜಾರುತ್ತದೆ, ನೀವು ಈ ಕಡೆ ಬೀಳುತ್ತೀರಿ. ಕನೂಗೆ ಬಗ್ಗಿ, ಎರಡೂ ಅಂಚು ಹಿಡಿದು, ನಡುಗೆರೆಯ ಮೇಲೇ ಹೆಜ್ಜೆ ಇಡುತ್ತಾ ಹೋಗಿ. ಒಬ್ಬರು ಹತ್ತುವಾಗ ಇನ್ನೊಬ್ಬರು ದೋಣಿಯನ್ನು ಅಲುಗದಂತೆ ಹಿಡಿದಿರಲಿ.

ಹಿಡಿತ: ಕಯಾಕ್ ಹುಟ್ಟನ್ನು ತಲೆ ಮೇಲೆ ಅಡ್ಡ ಇಟ್ಟುಕೊಳ್ಳಿ. ಮೊಣಕೈ ಸರಿಯಾಗಿ ಮಡಚಿ ಲಂಬಕೋನ ಆದಾಗ ಕೈ ಎಲ್ಲಿದೆಯೋ ಅದೇ ಹಿಡಿತ. ಸಡಿಲವಾಗಿ ಹಿಡಿಯಿರಿ. ಬಿಗಿಯಾಗಿ ಹಿಡಿದವರ ಅಂಗೈಯಲ್ಲಿ ಗಂಟೆಯೊಳಗೆ ಬೊಬ್ಬೆ ಏಳುತ್ತದೆ.

ಮುಂದಕ್ಕೆ ಹೋಗಲು ಅಲಗನ್ನು ಕಾಲ್ಬೆರಳಿನ ಪಕ್ಕದಲ್ಲಿ ಪೂರ್ತಿ ಮುಳುಗಿಸಿ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸುತ್ತಾ ಎಳೆಯಿರಿ, ಸೊಂಟದ ಪಕ್ಕ ಬಂದಾಗ ಮೇಲೆತ್ತಿ. ಬರೀ ತೋಳಿನಿಂದ ಎಳೆದರೆ ಎರಡು ಕಿಲೋಮೀಟರ್‌ಗೇ ಭುಜ ನೋಯುತ್ತದೆ. ಬೆನ್ನು, ಹೊಟ್ಟೆಯ ಸ್ನಾಯುಗಳು ಕೆಲಸ ಮಾಡಿದರೆ ದಿನವಿಡೀ ಹೋಗಬಹುದು. ತಿರುಗಲು ಅಲಗನ್ನು ಮುಂದಿನಿಂದ ಹಿಂದಕ್ಕೆ ದೊಡ್ಡ ಅರ್ಧವೃತ್ತವಾಗಿ ಎಳೆಯಿರಿ. ಬಲಗಡೆ ಎಳೆದರೆ ದೋಣಿ ಎಡಕ್ಕೆ ತಿರುಗುತ್ತದೆ. ನಿಲ್ಲಿಸಲು ಎರಡೂ ಕಡೆ ಹಿಮ್ಮುಖವಾಗಿ ಚಿಕ್ಕ ಚಿಕ್ಕ ಹೊಡೆತ.

ಕನೂದಲ್ಲಿ ಇಬ್ಬರೂ ಬೇರೆ ಬೇರೆ ಬದಿಗೆ ಹುಟ್ಟು ಹಾಕಬೇಕು. ಹಿಂದೆ ಕೂತವರ ಕೈಯಲ್ಲಿ ದಿಕ್ಕು. ಅವರು ಹೊಡೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿ, ಅಲಗಿನಿಂದ ನೀರನ್ನು ದೋಣಿಯಿಂದ ಆಚೆಗೆ ಮೆಲ್ಲಗೆ ತಳ್ಳಿದರೆ ದೋಣಿ ನೇರ ಹೋಗುತ್ತದೆ. ಇದಕ್ಕೆ ಜೆ ಹೊಡೆತ ಎನ್ನುತ್ತಾರೆ. ಇದು ಕೈಗೆ ಬರಲು ಸ್ವಲ್ಪ ಸಮಯ ಬೇಕು.

ಕೊನೆಗೆ, ಬೇಕೆಂದೇ ಮಗುಚಿ ಬೀಳಿ. ಇದನ್ನು ಯಾರೂ ಇಷ್ಟಪಡುವುದಿಲ್ಲ, ಆದರೂ ಬಿಡಬೇಡಿ. ಬಿದ್ದು, ದೋಣಿ ತಿರುಗಿಸಿ, ಮತ್ತೆ ಹತ್ತಿ ಕೂತವರಿಗೆ ನದಿಯಲ್ಲಿ ಅರ್ಧ ಭಯ ಕಡಿಮೆ. ಒಳಗೆ ಕೂರುವ ಕಯಾಕ್ ಆದರೆ ಇದನ್ನು ತಿಳಿದವರ ಎದುರಲ್ಲೇ ಮಾಡಿ.

ಹಂತ 6: ನೀರನ್ನು ಓದುವುದು

ನದಿ ತಿರುಗುವ ಕಡೆ ನೀರು ಹೊರಬದಿಗೆ ನುಗ್ಗುತ್ತದೆ. ಅಲ್ಲಿ ಆಳ, ಅಲ್ಲಿ ರಭಸ, ದಡ ಕೊರೆದು ಮರ ಬೀಳುವುದೂ ಅಲ್ಲೇ. ಒಳಬದಿಯಲ್ಲಿ ನೀರು ನಿಧಾನ, ಮರಳು ಕೂತಿರುತ್ತದೆ. ಮುಂದೆ ಏನಿದೆ ಎಂದು ಕಾಣದ ತಿರುವಿಗೆ ಬಂದಾಗ ಒಳಬದಿಗೆ ಹತ್ತಿರವಾಗಿಯೇ ಹೋಗಿ. ಬೇಕಾದರೆ ಥಟ್ಟನೆ ದಡ ಹತ್ತಬಹುದು.

ನೀರಿನ ಮೇಲೆ ಬಾಣದಂಥ ಗುರುತುಗಳು ಕಾಣುತ್ತವೆ. ಬಾಣದ ತುದಿ ನಿಮ್ಮ ಕಡೆಗಿದ್ದರೆ ಆ ತುದಿಯಲ್ಲೇ ಬಂಡೆ ಇದೆ, ನೀರು ಅದಕ್ಕೆ ಬಡಿದು ಎರಡಾಗುತ್ತಿದೆ. ತುದಿ ಮುಂದಕ್ಕಿದ್ದರೆ ಎರಡು ಅಡೆತಡೆಗಳ ನಡುವೆ ದಾರಿ ಇದೆ. ಸಾಮಾನ್ಯವಾಗಿ ಅದರ ನಡುವೆ ಹೋಗಬಹುದು.

ದೊಡ್ಡ ಬಂಡೆಯ ಹಿಂದೆ, ಅಂದರೆ ನೀರು ಹರಿದು ಹೋಗುವ ಬದಿಯಲ್ಲಿ, ನೀರು ನಿಂತಂತೆ ಇರುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹರಿಯುತ್ತದೆ. ಇದನ್ನು ಎಡ್ಡಿ ಎನ್ನುತ್ತಾರೆ. ನದಿಯ ನಡುವೆ ನಿಲ್ಲಲು, ಉಸಿರು ತೆಗೆದುಕೊಳ್ಳಲು, ಹಿಂದಿನವರಿಗೆ ಕಾಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಳಗೆ ತಿರುಗುವಾಗ ಸೈಕಲ್‌ನಲ್ಲಿ ತಿರುವು ತೆಗೆದುಕೊಳ್ಳುವ ಹಾಗೆ ತಿರುಗುವ ಬದಿಗೆ ಮೈ ವಾಲಿಸಿ.

ನದಿ ದಾಟಬೇಕಾದರೆ ದೋಣಿಯ ಮೂತಿಯನ್ನು ನೀರು ಬರುವ ದಿಕ್ಕಿಗೆ ತಿರುಗಿಸಿ, ಹೋಗಬೇಕಾದ ದಡದ ಕಡೆಗೆ ಸ್ವಲ್ಪ ಓರೆ ಮಾಡಿ, ಮುಂದಕ್ಕೆ ಹುಟ್ಟು ಹಾಕಿ. ಹರಿವೇ ನಿಮ್ಮನ್ನು ಪಕ್ಕಕ್ಕೆ ತಳ್ಳುತ್ತದೆ, ಕೆಳಗೆ ಕೊಚ್ಚಿಕೊಂಡು ಹೋಗುವುದು ತುಂಬಾ ಕಡಿಮೆಯಾಗುತ್ತದೆ. ಅಗಲವಾದ, ಸಪಾಟಾದ ಜಾಗದಲ್ಲಿ ಇದನ್ನು ಮತ್ತೆ ಮತ್ತೆ ಮಾಡಿ ನೋಡಿ.

ಈಗ ಜೀವ ತೆಗೆಯುವ ಎರಡು ವಿಷಯಗಳು. ಇವನ್ನು ದಯವಿಟ್ಟು ನಿಧಾನವಾಗಿ ಓದಿ.

ಮೊದಲನೆಯದು ನೀರಿಗೆ ಬಿದ್ದ ಮರ. ಅದರ ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ದೋಣಿ ಮತ್ತು ಮನುಷ್ಯ ಹೋಗುವುದಿಲ್ಲ. ಹಿಂದಿನಿಂದ ಬರುವ ನೀರು ಒತ್ತುತ್ತಲೇ ಇರುತ್ತದೆ. ಸಣ್ಣ ಹರಿವಿನಲ್ಲೂ ಇದು ಅಪಾಯ. ಬೇಲಿ ತಂತಿ, ಮೀನಿನ ಬಲೆ, ಕಸ ಕಟ್ಟಿಕೊಂಡ ಸೇತುವೆ ಕಂಬ ಕೂಡ ಹೀಗೆಯೇ. ದೂರದಲ್ಲಿ ಕಂಡಾಗಲೇ ಆಚೆ ದಡಕ್ಕೆ ಹೋಗಿ. ಹತ್ತಿರ ಬಂದ ಮೇಲೆ ತಿರುಗಿಸೋಣ ಎಂದುಕೊಳ್ಳಬೇಡಿ. ನೀರಿನಲ್ಲಿ ಬಿದ್ದಿದ್ದು, ತಪ್ಪಿಸಿಕೊಳ್ಳಲು ಯಾವ ದಾರಿಯೂ ಇಲ್ಲ ಎಂದಾದರೆ ಮಾತ್ರ, ಹೊಟ್ಟೆ ಅಡಿಯಾಗಿ ತಲೆ ಮುಂದೆ ಮಾಡಿ ಮರದ ಕಡೆಗೆ ಜೋರಾಗಿ ಈಜಿ ಅದರ ಮೇಲೆ ಹತ್ತಬೇಕು. ಕಾಲು ಮುಂದೆ ಮಾಡಿ ಹೋದರೆ ಕೊಂಬೆಗಳ ಅಡಿಗೆ ಎಳೆದುಕೊಳ್ಳುತ್ತದೆ.

ಎರಡನೆಯದು ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡು. ಮೇಲಿನಿಂದ ಬರುವವರಿಗೆ ಅದು ಕಾಣುವುದೇ ಇಲ್ಲ. ನೀರು ಒಂದು ನೇರ ಗೆರೆಯಲ್ಲಿ ಮುಗಿದಂತೆ ಕಾಣುತ್ತದೆ, ಗೆರೆಯಾಚೆ ಮರಗಳ ಬುಡ ಕಾಣುವುದಿಲ್ಲ, ತಲೆ ಮಾತ್ರ ಕಾಣುತ್ತದೆ. ಒಂದೇ ಸಮನೆ ಮೊರೆತ ಕೇಳಬಹುದು, ಗಾಳಿ ಎದುರಾಗಿದ್ದರೆ ಮಾತ್ರ. ಒಡ್ಡಿನ ಕೆಳಗೆ ಬಿದ್ದ ನೀರು ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ಉರುಳುತ್ತದೆ. ಅದರಲ್ಲಿ ಸಿಕ್ಕಿದವರನ್ನು ಒಡ್ಡಿನ ಬುಡಕ್ಕೆ ಎಳೆಯುತ್ತದೆ, ಮುಳುಗಿಸುತ್ತದೆ, ಮೇಲೆತ್ತುತ್ತದೆ, ಮತ್ತೆ ಎಳೆಯುತ್ತದೆ. ಲೈಫ್ ಜಾಕೆಟ್ ಹಾಕಿದವರೂ ಇಲ್ಲಿ ಸತ್ತಿದ್ದಾರೆ, ಕಾಪಾಡಲು ಹೋದವರೂ ಸತ್ತಿದ್ದಾರೆ. ಒಡ್ಡಿನ ಎತ್ತರ ಒಂದೇ ಮೀಟರ್ ಇದ್ದರೂ ಸರಿ, ಅದರ ಮೇಲಿಂದ ದೋಣಿ ಇಳಿಸಬೇಡಿ. ಸಾಕಷ್ಟು ಮೇಲೆಯೇ ದಡ ಹತ್ತಿ, ದೋಣಿ ಹೊತ್ತುಕೊಂಡು ನಡೆದು, ಒಡ್ಡು ದಾಟಿ ಚೆನ್ನಾಗಿ ಕೆಳಗೆ ಬಂದು ಮತ್ತೆ ಇಳಿಸಿ. ಕೆಳಗಡೆಯಿಂದ ಒಡ್ಡಿನ ಹತ್ತಿರ ಹೋಗುವುದೂ ಬೇಡ.

ಅನುಮಾನ ಬಂದ ಎಲ್ಲ ಕಡೆಗೂ ಇದೇ ನಿಯಮ. ದಡಕ್ಕೆ ಬನ್ನಿ, ಇಳಿಯಿರಿ, ಮುಂದೆ ನಡೆದು ಹೋಗಿ ಕಣ್ಣಾರೆ ನೋಡಿ. ಸರಿ ಅನ್ನಿಸಿದರೆ ಹೋಗಿ, ಇಲ್ಲದಿದ್ದರೆ ಹೊತ್ತುಕೊಂಡು ನಡೆಯಿರಿ. ದೋಣಿ ಹೊತ್ತು ನಡೆಯುವುದರಲ್ಲಿ ಅವಮಾನ ಏನಿದೆ? ಅನುಭವಿಗಳೇ ಇದನ್ನು ಜಾಸ್ತಿ ಮಾಡುವವರು.

ಹಂತ 7: ಗುಂಪಾಗಿ ಹೋಗುವುದು

ಕನಿಷ್ಠ ಮೂರು ದೋಣಿ ಇದ್ದರೆ ಒಳ್ಳೆಯದು. ಒಬ್ಬರಿಗೆ ತೊಂದರೆಯಾದರೆ ಒಬ್ಬರು ಜೊತೆಗಿರಬಹುದು, ಇನ್ನೊಬ್ಬರು ಸಹಾಯ ಕರೆಯಬಹುದು. ನದಿ ಬಲ್ಲವರು ಮುಂದೆ, ಇನ್ನೊಬ್ಬ ಅನುಭವಿ ಕೊನೆಗೆ, ಹೊಸಬರು ನಡುವೆ. ಮುಂದಿನವರನ್ನು ಹಿಂದೆ ಹಾಕಬೇಡಿ, ಹಿಂದಿನವರು ಕಣ್ಣಿಗೆ ಬೀಳದಷ್ಟು ದೂರ ಹೋಗಬೇಡಿ. ಒಂದು ಸೀಟಿ ಅಂದರೆ ಇಲ್ಲಿ ನೋಡಿ ಎಂದು, ಮೂರು ಸೀಟಿ ಅಂದರೆ ಅಪಾಯ. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ಬನ್ನಿ, ತಲೆ ಮೇಲೆ ಅಡ್ಡ ಹಿಡಿದರೆ ನಿಲ್ಲಿ. ಕೈ ತೋರಿಸುವುದು ಯಾವಾಗಲೂ ಸುರಕ್ಷಿತ ದಾರಿಯ ಕಡೆಗೆ. ಅಪಾಯದ ಕಡೆಗೆ ತೋರಿಸಿದರೆ ಹಿಂದಿನವರು ಅಲ್ಲಿಗೇ ಹೋಗುತ್ತಾರೆ.

ಹೋದ ಜಾಗಕ್ಕೇ ವಾಪಸ್ ಬರುವ ಯೋಜನೆ ಇದ್ದರೆ ಮೊದಲು ನೀರಿನ ಎದುರು ಹೋಗಿ. ದಣಿದ ಮೇಲೆ ಹರಿವೇ ಕರೆದುಕೊಂಡು ಬರುತ್ತದೆ. ಹದಿನೈದು ನಿಮಿಷ ಎದುರು ಹೋಗಲು ಆಗದಿದ್ದರೆ ಆ ದಿನದ ಹರಿವು ನಿಮಗೆ ಜಾಸ್ತಿ ಎಂದೇ ಅರ್ಥ. ಗುಡುಗು ಕೇಳಿದರೆ ತಕ್ಷಣ ನೀರಿನಿಂದ ಹೊರಗೆ ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಮೋಟಾರ್ ದೋಣಿ ಎಬ್ಬಿಸಿದ ಅಲೆಗೆ ಮೂತಿ ಕೊಡಿ, ಪಕ್ಕ ಕೊಡಬೇಡಿ.

ದೋಣಿ ಪಕ್ಕವಾಗಿ ಬಂಡೆಗೆ ತಾಗಿದಾಗ ಎಲ್ಲರೂ ಸಹಜವಾಗಿ ಬಂಡೆಯಿಂದ ದೂರ ವಾಲುತ್ತಾರೆ. ಅಷ್ಟರಲ್ಲಿ ಬರುವ ನೀರು ಆ ಅಂಚನ್ನು ತುಳಿದು ದೋಣಿಯನ್ನು ಮಗುಚುತ್ತದೆ. ಬಂಡೆಯ ಕಡೆಗೇ ವಾಲಿ, ಕೈಯಿಂದ ಅದನ್ನು ಅಪ್ಪಿ ಹಿಡಿಯಿರಿ, ಆಮೇಲೆ ಮೆಲ್ಲಗೆ ಸರಿದು ಬಿಡಿಸಿಕೊಳ್ಳಿ. ಮೈ ಇದನ್ನು ಒಪ್ಪುವುದಿಲ್ಲ, ಅಲ್ವಾ? ಅದಕ್ಕೇ ಹೊರಡುವ ಮುಂಚೆ ಎಲ್ಲರೂ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ.

ಮಗುಚಿದರೆ

1. ಉಸಿರು ಹತೋಟಿಗೆ ತನ್ನಿ. ಲೈಫ್ ಜಾಕೆಟ್ ನಿಮ್ಮನ್ನು ಎತ್ತಿ ಹಿಡಿದಿದೆ.
2. ದೋಣಿಯ ಮೇಲ್ಬದಿಗೆ, ಅಂದರೆ ನೀರು ಬರುವ ಕಡೆಗೆ ಬನ್ನಿ. ನೀರು ತುಂಬಿದ ದೋಣಿ ನೂರಾರು ಕಿಲೋ ತೂಗುತ್ತದೆ. ಅದು ಮತ್ತು ಬಂಡೆಯ ನಡುವೆ ನೀವು ಸಿಕ್ಕಬಾರದು.
3. ಹರಿವಿನಲ್ಲಿ ಎದ್ದು ನಿಲ್ಲಬೇಡಿ. ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ ನೀರು ನಿಮ್ಮನ್ನು ಮುಂದಕ್ಕೆ ಮಲಗಿಸಿಬಿಡುತ್ತದೆ. ಅಂಗಾತ ತೇಲಿ, ಕಾಲ್ಬೆರಳು ನೀರಿನ ಮೇಲೆ, ಪಾದ ಮುಂದಕ್ಕೆ. ನೀರು ಮೊಣಕಾಲಿಗಿಂತ ಕೆಳಗೆ ಬಂದ ಮೇಲೆ ಮಾತ್ರ ನಿಲ್ಲಿ.
4. ದೋಣಿ, ಹುಟ್ಟು ಕೈಗೆ ಸಿಕ್ಕರೆ ಹಿಡಿಯಿರಿ. ಅಪಾಯ ಹತ್ತಿರವಿದ್ದರೆ ಎರಡನ್ನೂ ಬಿಟ್ಟು ದಡಕ್ಕೆ ಓರೆಯಾಗಿ ಈಜಿ.
5. ಎಸೆದ ಹಗ್ಗ ಸಿಕ್ಕರೆ ಅದನ್ನು ಭುಜದ ಮೇಲೆ ಹಾಕಿಕೊಂಡು ಎದೆಯ ಹತ್ತಿರ ಹಿಡಿದು, ಅಂಗಾತ ಮಲಗಿ. ದಡದವರು ಎಳೆದುಕೊಳ್ಳುತ್ತಾರೆ.

ದಡ ಸೇರಿದ ಮೇಲೆ ಒದ್ದೆ ಬಟ್ಟೆ ಬದಲಿಸಿ, ಏನಾದರೂ ಸಿಹಿ ತಿನ್ನಿ, ಸ್ವಲ್ಪ ಕೂತಿರಿ. ನಡುಕ ನಿಲ್ಲದಿದ್ದರೆ ಪಯಣ ಅಲ್ಲಿಗೇ ಮುಗಿಸಿ.

ಹಂತ 8: ನಡುವೆ ನಿಲ್ಲುವುದು, ಕೊನೆಗೆ ಏರುವುದು

ತಿರುವಿನ ಒಳಬದಿಯ ಮರಳ ದಿಬ್ಬ ನಿಲ್ಲಲು ಹೇಳಿ ಮಾಡಿಸಿದ ಜಾಗ. ಕಾಲಿಡುವ ಮೊದಲು ಹುಟ್ಟಿನಿಂದ ಚುಚ್ಚಿ ನೆಲ ಗಟ್ಟಿ ಇದೆಯಾ ನೋಡಿ. ದೋಣಿಯನ್ನು ಪೂರ್ತಿ ಮೇಲಕ್ಕೆ ಎಳೆದು ಕಟ್ಟಿ. ನೀರು ಒಂದು ಗೇಣು ಏರಿದರೂ ಅದು ನಿಮ್ಮನ್ನು ಬಿಟ್ಟು ಹೊರಟುಬಿಡುತ್ತದೆ.

ಕೆಲವು ಹಕ್ಕಿಗಳು ಬರಿ ಮರಳಿನ ಮೇಲೇ ಮೊಟ್ಟೆ ಇಡುತ್ತವೆ. ಮೊಟ್ಟೆ ಕಲ್ಲಿನ ಬಣ್ಣದ್ದೇ ಇರುವುದರಿಂದ ಕಾಲಡಿಗೆ ಬಂದರೂ ಗೊತ್ತಾಗುವುದಿಲ್ಲ. ಹಕ್ಕಿಗಳು ಕಿರುಚುತ್ತಾ ನಿಮ್ಮ ತಲೆ ಮೇಲೆ ಸುತ್ತುತ್ತಿದ್ದರೆ ಅದು ನಿಲ್ಲುವ ಜಾಗವಲ್ಲ, ಮುಂದೆ ಹೋಗಿ. ದಡದಲ್ಲಿ ಕೂತ ಪ್ರಾಣಿ ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ. ಹುಟ್ಟು ನಿಲ್ಲಿಸಿ, ಹರಿವಿನ ಜೊತೆ ಸುಮ್ನೆ ತೇಲಿ ಹೋಗಿ. ಹೆಚ್ಚು ಕಾಣುವುದೂ ಹಾಗೆ ಹೋದಾಗಲೇ.

ಏರುವ ಜಾಗ ಕಂಡಾಗ ಅದನ್ನು ಸ್ವಲ್ಪ ದಾಟಿ, ಮೂತಿಯನ್ನು ಹರಿವಿನ ಎದುರಿಗೆ ತಿರುಗಿಸಿ, ಎದುರು ಹುಟ್ಟು ಹಾಕುತ್ತಾ ದಡಕ್ಕೆ ಬನ್ನಿ. ಆಗ ದೋಣಿ ನಿಮ್ಮ ಹಿಡಿತದಲ್ಲಿರುತ್ತದೆ. ಹರಿವು ಚುರುಕಾಗಿದ್ದರೆ ದಾಟಿ ಹೋಗಬೇಡಿ, ಮೇಲೆಯೇ ತಿರುಗಿಸಿಕೊಳ್ಳಿ.

ಹಂತ 9: ತೊಳೆಯುವುದು, ಬರೆದಿಡುವುದು

ನದಿಯಿಂದ ನದಿಗೆ ದೋಣಿ ಒಯ್ಯುವವರು ತಮಗೆ ಗೊತ್ತಿಲ್ಲದೆ ಕಳೆ, ಪಾಚಿ, ಸಣ್ಣ ಜೀವಿಗಳನ್ನೂ ಒಯ್ಯುತ್ತಾರೆ. ನ್ಯೂಜಿಲೆಂಡ್‌ನ ವಾಯೌ ನದಿಯಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಅದು ಒದ್ದೆ ಸಾಮಾನಿನ ಮೇಲೆ ಕೂತು ಬೇರೆ ನದಿಗಳಿಗೂ ಹೋಗಬಲ್ಲದು. ಅಲ್ಲಿ ಈಗ ನೀರಿಗೆ ಇಳಿಯುವ ಎಲ್ಲರಿಗೂ ಮೂರು ಮಾತು ಹೇಳುತ್ತಾರೆ: ನೋಡಿ, ತೊಳೆಯಿರಿ, ಒಣಗಿಸಿ. ಅಂಟಿದ ಗಿಡದ ಚೂರು, ಕೆಸರನ್ನು ಅದೇ ನದಿಯ ದಡದಲ್ಲಿ ತೆಗೆಯಿರಿ. ದೋಣಿಯೊಳಗಿನ ನೀರನ್ನು ಅಲ್ಲೇ ಚೆಲ್ಲಿ. ಬೇರೆ ನದಿಗೆ ಇಳಿಸುವ ಮೊದಲು ಎಲ್ಲವೂ ಮುಟ್ಟಿದರೆ ಪೂರ್ತಿ ಒಣಗಿರಬೇಕು, ಆಮೇಲೂ 48 ಗಂಟೆ ಹಾಗೇ ಬಿಡಬೇಕು. ಲೈಫ್ ಜಾಕೆಟ್ ಅನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಅದರ ಬಟ್ಟೆ ಸವೆಯುತ್ತದೆ.

ಅದೇ ಸಂಜೆ ಒಂದು ಪುಟ ಬರೆದಿಡಿ. ತಾರೀಖು, 10 ಮೀಟರ್‌ಗೆ ಕಡ್ಡಿ ತೆಗೆದುಕೊಂಡ ಸೆಕೆಂಡ್, ಸೇತುವೆ ಕಂಬದ ಮೇಲೆ ನೀರು ಎಲ್ಲಿಯವರೆಗೆ ಇತ್ತು, ಹಿಡಿದ ಸಮಯ, ಬಿದ್ದ ಮರ ಯಾವ ತಿರುವಿನಲ್ಲಿ ಯಾವ ದಂಡೆಯಲ್ಲಿತ್ತು. ಹೊಸ ನದಿ ಹುಡುಕುವ ಮೊದಲು ಇದೇ ತುಣುಕಿಗೆ ಬೇರೆ ಕಾಲದಲ್ಲಿ ಇನ್ನೊಮ್ಮೆ ಹೋಗಿ. ಆದರೆ ಕಡ್ಡಿ ಎಸೆದು ಎಣಿಸುವುದರಿಂದಲೇ ಮತ್ತೆ ಶುರು ಮಾಡಿ. ಹಳೆಯ ಪುಟದಲ್ಲಿ ಇಲ್ಲದ ಮರ ಈಗ ಬಿದ್ದಿರಬಹುದು, ಇದ್ದ ಮರಳ ದಿಬ್ಬ ಈಗ ನೀರಿನಡಿ ಇರಬಹುದು.